ಗಂಗಾಲಕ್ಷ್ಮಿಯ ಕೈನಡುಕ

ಶಿರಾದ ಹಳೆಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಕ್ಕದ್ದು ಜಯರಾಮುವಿನ ಫೋಟೊ ಸ್ಟುಡಿಯೊ. ನಡುವೆ ಗೋಡೆ ಎಂದು ಕರೆಯಬಹುದಾದ ಒಂದು ಪ್ಲೈವುಡ್ ಹಲಗೆ. ಅವರ ಸಂಸಾರದ ವಿಷಯ ನನಗೆ ತಿಳಿದಿರುವುದಕ್ಕೆ ನನ್ನ ಕೆಟ್ಟ ಬುದ್ಧಿ ಕಾರಣವಲ್ಲ, ಆ ಹಲಗೆಯ ದಪ್ಪ ಕಾರಣ.

ಸ್ಟುಡಿಯೊದ ಬೋರ್ಡಿನ ಮೇಲೆ ಜಯರಾಮುವಿನ ಹೆಸರಿದೆ. ಹೆಸರಿನ ಕೆಳಗೆ 'ಛಾಯಾಚಿತ್ರ ಕಲಾವಿದರು' ಎಂಬ ಬಹುವಚನದ ಬಿರುದಿದೆ. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ದೂರದ ಬೆಟ್ಟ ನೋಡುತ್ತಿರುವ ಅವನ ಪಟವಿದೆ. ಆ ಪಟ ತೆಗೆದವಳು ಅವನ ಹೆಂಡತಿ ಗಂಗಾಲಕ್ಷ್ಮಿ. ಅವಳ ಹೆಸರು ಬೋರ್ಡಿನಲ್ಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಜಾಗ ಸಾಲಲಿಲ್ಲ ಅಂದಿದ್ದ.

ಗಂಗಾಲಕ್ಷ್ಮಿ ಗೌಡಗೆರೆ ಕಡೆಯ ಗೊಲ್ಲರಹಟ್ಟಿಯವಳು. ಅಪ್ಪ ಕ್ಯಾತಣ್ಣ ಕುರಿ ಕಾಯುತ್ತಿದ್ದವನು, ಈಗಲೂ ಕಾಯುತ್ತಾನೆ. ಹತ್ತನೇ ತರಗತಿ ಪಾಸಾದ ಮಗಳು ಮದುವೆಯಾಗಿ ಶಿರಾಕ್ಕೆ ಬಂದಾಗ ಜಯರಾಮು ಅವಳನ್ನು ಕೌಂಟರಿನಲ್ಲಿ ಕೂರಿಸಿದ. ಅವನಿಗೆ ಮಧ್ಯಾಹ್ನ ಊಟದ ಮೇಲೆ ಎರಡು ಗಂಟೆ ನಿದ್ದೆ ಬೇಕು. ಪಾಸ್‌ಪೋರ್ಟ್ ಫೋಟೊಗೆ ಬರುವವರು ಆ ಎರಡು ಗಂಟೆಯಲ್ಲೇ ಬರುತ್ತಾರೆ. ಅವಳು ಕ್ಯಾಮೆರಾ ಕಲಿತದ್ದು ಹೀಗೆ, ಗಂಡನ ಗೊರಕೆಯ ಹಿನ್ನೆಲೆಯಲ್ಲಿ. ಎರಡು ವರ್ಷದೊಳಗೆ ಮದುವೆಗಳಿಗೂ ಹೋಗತೊಡಗಿದಳು.

ಮದುವೆಮನೆಯಲ್ಲಿ ಅವರ ಕೆಲಸದ ಹಂಚಿಕೆ ಖಚಿತವಾಗಿತ್ತು. ಜಯರಾಮು ವೇದಿಕೆಯ ಮುಂದೆ ನಿಂತು, ಫ್ಲ್ಯಾಷ್ ಹೊಡೆದು, ಸಾಲುಗಟ್ಟಿ ಬಂದವರಿಗೆಲ್ಲ ನಗಲು ಅಪ್ಪಣೆ ಕೊಡುತ್ತಿದ್ದ. ಗಂಗಾಲಕ್ಷ್ಮಿ ಉದ್ದನೆಯ ಲೆನ್ಸ್ ಹಿಡಿದು ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ತಾಳಿ ಕಟ್ಟುವಾಗ ಹುಡುಗಿಯ ತಮ್ಮ ಎತ್ತಲೋ ನೋಡಿದ್ದು, ಬೀಗರು ಒಬ್ಬರನ್ನೊಬ್ಬರು ಅಳೆದದ್ದು, ಅಜ್ಜಿ ಸೀರೆ ಸೆರಗಿನಿಂದ ಮೂಗು ಒರೆಸಿಕೊಂಡದ್ದು ಎಲ್ಲ ಅವಳ ಪಾಲಿಗೆ. ಆಲ್ಬಂ ನೋಡುವವರು ಜಯರಾಮುವಿನ ಪುಟಗಳನ್ನು ಬೇಗ ಬೇಗ ಮಗುಚಿ ಅವಳ ಪುಟಗಳಲ್ಲಿ ನಿಲ್ಲುತ್ತಿದ್ದರು. ಹೊಗಳಿಕೆಯನ್ನು ಸಂಸ್ಥೆಯ ಪರವಾಗಿ ಜಯರಾಮುವೇ ಸ್ವೀಕರಿಸುತ್ತಿದ್ದ.

ಎಲ್ಲ ಸರಿಯಾಗಿಯೇ ಇತ್ತು. ಸರಿಯಾಗಿರುವುದನ್ನು ನೋಡಿಕೊಂಡು ಸುಮ್ಮನಿರುವುದು ಗಂಡಸರಿಗೆ ಕಷ್ಟ. ಹೋದ ವರ್ಷ ಜಯರಾಮು ಮಧುಗಿರಿಯ ಚನ್ನಮಲ್ಲಯ್ಯನವರ ಫೋಟೊಗ್ರಫಿ ಕಾರ್ಯಾಗಾರಕ್ಕೆ ಹೋದ.

ಚನ್ನಮಲ್ಲಯ್ಯನವರು ನಿವೃತ್ತ ಸರ್ವೇಯರ್. ಮೂವತ್ತು ವರ್ಷ ಜನರ ಹೊಲ ಅಳೆದು, ಈಗ ಬೆಳಕನ್ನು ಅಳೆಯುತ್ತಿದ್ದಾರೆ. ಅವರ ವಾಟ್ಸಾಪ್ ಬಳಗದಲ್ಲಿ ಇನ್ನೂರು ಚಿಲ್ಲರೆ ಸದಸ್ಯರಿದ್ದಾರೆ, ಎಲ್ಲರೂ ಅವರನ್ನು ಗುರುಗಳು ಎನ್ನುತ್ತಾರೆ, ಅವರೂ ತಡೆಯುವುದಿಲ್ಲ. ಕಾರ್ಯಾಗಾರ ನಡೆದದ್ದು ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿನಲ್ಲಿ. ಬೆಳಗ್ಗೆ ಹೋದ ಜಯರಾಮು ಸಂಜೆ ಕಾಶಿಗೆ ಹೋಗಿ ಬಂದವನ ಮುಖ ಮಾಡಿಕೊಂಡು ಬಂದ.

ಅವನಿಗೆ ದೊರೆತ ಉಪದೇಶ ಇದು. ಸಾಮಾನ್ಯವಾಗಿ ಕ್ಯಾಮೆರಾದ ಮೇಲಿನ ಗುಂಡಿಯನ್ನು ತೋರುಬೆರಳಿನಿಂದ ಅರ್ಧ ಒತ್ತಿದರೆ ಫೋಕಸ್ ಆಗುತ್ತದೆ, ಪೂರ್ತಿ ಒತ್ತಿದರೆ ಫೋಟೊ ಬೀಳುತ್ತದೆ. ಎರಡೂ ಕೆಲಸ ಒಂದೇ ಗುಂಡಿಗೆ. ಗುರುಗಳ ಪ್ರಕಾರ ಇದು ಅನಾಗರಿಕ. ಫೋಕಸ್ ಕೆಲಸವನ್ನು ಆ ಗುಂಡಿಯಿಂದ ಕಿತ್ತು ಕ್ಯಾಮೆರಾದ ಬೆನ್ನಿನಲ್ಲಿರುವ ಪುಟ್ಟ ಗುಂಡಿಗೆ ಕೊಡಬೇಕು. ಹೆಬ್ಬೆಟ್ಟು ಫೋಕಸ್ ಮಾಡಲಿ, ತೋರುಬೆರಳು ಫೋಟೊ ಮಾತ್ರ ಹೊಡೆಯಲಿ. ಇದರ ಹೆಸರು ಬ್ಯಾಕ್ ಬಟನ್. ಪದ್ಧತಿ ಒಳ್ಳೆಯದೇ, ಅದರಲ್ಲಿ ಸುಳ್ಳಿಲ್ಲ. ಓಡುವ ಜಿಂಕೆಯ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದರೆ ಫೋಕಸ್ ಅದರ ಬೆನ್ನು ಬಿಡುವುದಿಲ್ಲ. ಆದರೆ ಜಯರಾಮು ಅದನ್ನು ಪದ್ಧತಿ ಎಂದು ತಿಳಿಯಲಿಲ್ಲ, ದೀಕ್ಷೆ ಎಂದು ತಿಳಿದ. ನನಗೆ ವಿವರಿಸಿದ. ಟೀ ತರುವವನಿಗೆ ವಿವರಿಸಿದ. ತಾಯಿ ಜುಂಜಮ್ಮನಿಗೂ ವಿವರಿಸಿದ. ಯಾವ ಗುಂಡಿಯಾದರೇನು, ಬಂದ ಗಿರಾಕಿ ಹೋಗದಿದ್ದರೆ ಸಾಕು ಎಂದು ಅವಳು ಎಲೆಯಡಿಕೆ ಮಡಿಚಿದಳು.

ಅವತ್ತೇ ಎರಡೂ ಕ್ಯಾಮೆರಾಗಳ ಸೆಟ್ಟಿಂಗ್ ಬದಲಾಯಿತು. ಹಳೆಯದರಲ್ಲಿ ಏನು ಕೆಟ್ಟಿತ್ತು ಎಂದು ಗಂಗಾಲಕ್ಷ್ಮಿ ಕೇಳಿದಳಂತೆ. ಕೆಟ್ಟಿರಲಿಲ್ಲ, ಹಳೆಯದಾಗಿತ್ತು ಎಂದು ಇವನು ಹೇಳಿದನಂತೆ.

ಆ ವಾರವೇ ಕೊರಟಗೆರೆಯಲ್ಲಿ ಒಂದು ಮದುವೆ. ದೊಡ್ಡಹನುಮಯ್ಯ ಎಂಬ ನಿವೃತ್ತ ಹೆಡ್‌ಮಾಸ್ಟರರ ಮಗಳು ಸಹನಾ, ಹೈಸ್ಕೂಲು ಟೀಚರು. ಅವರದು ಬೌದ್ಧ ಪದ್ಧತಿಯ ಮದುವೆ. ಸಣ್ಣ ಸಭಾಂಗಣ, ಸಂಜೆ ಹೊತ್ತು, ಬುದ್ಧನ ಮೂರ್ತಿಯ ಮುಂದೆ ಸಾಲು ಮೇಣದಬತ್ತಿ. ವಂದನೆ ನಡೆಯುವ ಇಪ್ಪತ್ತು ನಿಮಿಷ ವಿದ್ಯುತ್ ದೀಪ ಆರಿಸುತ್ತೇವೆ, ಆಗ ದಯವಿಟ್ಟು ಫ್ಲ್ಯಾಷ್ ಹೊಡೆಯಬೇಡಿ ಎಂದು ಹೆಡ್‌ಮಾಸ್ಟರರು ಮೊದಲೇ ಹೇಳಿದ್ದರು. ಫ್ಲ್ಯಾಷ್ ಇಲ್ಲದ ಕಡೆ ತನ್ನ ಕಲೆಗೆ ಅವಕಾಶವಿಲ್ಲ ಎಂದು ಮನಗಂಡ ಜಯರಾಮು ಊಟದ ವ್ಯವಸ್ಥೆ ನೋಡಲು ಹೋದ. ಗಂಗಾಲಕ್ಷ್ಮಿ ಗೋಡೆಗೆ ಒರಗಿ ಉದ್ದ ಲೆನ್ಸಿನಲ್ಲಿ ಇನ್ನೂರಕ್ಕೂ ಹೆಚ್ಚು ಫೋಟೊ ತೆಗೆದಳು, ಹೊಸ ಪದ್ಧತಿಯಂತೆ, ಹೆಬ್ಬೆಟ್ಟಿನಿಂದ ಫೋಕಸ್ ಹಿಡಿದು ತೋರುಬೆರಳಿನಿಂದ ಟಕ್ಕೆಂದು ಒತ್ತಿ. ಸಹನಾ ಮತ್ತು ವರ ಅಂಬರೀಶ್ ಒಂದೇ ಬತ್ತಿಯಿಂದ ದೀಪ ಹಚ್ಚಿದ್ದು, ತಾಯಿ ದೊಡ್ಡಕ್ಕ ಮಗಳನ್ನೇ ನೋಡುತ್ತ ಮಂತ್ರ ಮರೆತದ್ದು, ಎಲ್ಲ.

ಮಾರನೆಯ ದಿನ ಕಂಪ್ಯೂಟರಿಗೆ ಹಾಕಿ ನೋಡಿದರೆ ಒಂದೂ ಸರಿಯಿಲ್ಲ. ಪ್ರತಿ ಜ್ವಾಲೆಗೂ ಬಾಲ. ಮದುಮಗಳಿಗೆ ಎರಡು ಮೂಗು. ದೊಡ್ಡಕ್ಕನ ಮುಖ ನೀರಿನೊಳಗೆ ಇಟ್ಟ ಹಾಗೆ. ಜಯರಾಮು ತನ್ನ ಫೋಟೊಗಳನ್ನು ಪಕ್ಕದಲ್ಲಿಟ್ಟ. ವೇದಿಕೆಯಲ್ಲಿ ಫ್ಲ್ಯಾಷ್ ಹೊಡೆದು ತೆಗೆದವು, ಉಗುರಿನ ಬಣ್ಣವೂ ಲೆಕ್ಕಕ್ಕೆ ಸಿಗುವಷ್ಟು ಸ್ಪಷ್ಟ. ಎರಡೂ ಒಂದೇ ಕಂಪನಿಯ ಕ್ಯಾಮೆರಾ, ಎರಡರಲ್ಲೂ ಒಂದೇ ಪದ್ಧತಿ. ಹಾಗಾದರೆ ವ್ಯತ್ಯಾಸ ಎಲ್ಲಿ? ತರ್ಕಶಾಸ್ತ್ರದಲ್ಲಿ ಪಳಗಿದವನಂತೆ ಅವನು ತೀರ್ಪು ಕೊಟ್ಟದ್ದು ಹಲಗೆಯ ಆಚೆಯಿಂದ ನನಗೆ ಕೇಳಿತು.

"ನಿನ್ ಕೈ ನಡುಗ್ತಾ ಐತೆ ಕಣಮ್ಮ."

ಅಲ್ಲಿಂದ ಗಂಗಾಲಕ್ಷ್ಮಿಯ ಕೈ ಊರಿನ ಆಸ್ತಿಯಾಯಿತು. ಜುಂಜಮ್ಮ ಸೊಸೆಯ ಮಣಿಕಟ್ಟಿಗೆ ಕಪ್ಪು ದಾರ ಕಟ್ಟಿದಳು, ಹಟ್ಟಿ ದೇವರಿಗೆ ನಡೆದುಕೊಳ್ಳದೆ ಎಷ್ಟು ವರ್ಷವಾಯಿತೆಂದು ಬೆರಳು ಮಡಿಚಿದಳು. ಕ್ಯಾತಣ್ಣ ಸುದ್ದಿ ತಿಳಿದು ಒಂದು ಕ್ಯಾನು ಕುರಿಹಾಲು ತಂದು, ಮಗಳ ಎರಡೂ ಕೈ ಹಿಡಿದು ಮಗುಚಿ ಮಗುಚಿ ನೋಡಿ ಬಸ್ಸು ಹತ್ತಿದ. ಒಂದು ಖಾಸಗಿ ಕ್ಲಿನಿಕ್ಕಿನ ಡಾಕ್ಟರು ಅವಳ ಚಾಚಿದ ಅಂಗೈಗಳ ಮೇಲೆ ಬಿಳಿ ಕಾಗದ ಇಟ್ಟರಂತೆ. ಕಾಗದ ಅಲುಗಿತು. ಅವರು ವಿಟಮಿನ್ ಮಾತ್ರೆ ಬರೆದು, ಟೆನ್ಶನ್ ಮಾಡಿಕೊಳ್ಳಬೇಡಿ ಎಂದು ಟೆನ್ಶನ್ ಕೊಟ್ಟು ಕಳಿಸಿದರು.

ನಾನೇನೂ ಕಡಿಮೆಯಲ್ಲ. ಅವಳು ನನ್ನ ಅಂಗಡಿಗೆ ಪೇಪರ್ ಕಟ್ಟು ಕೇಳಲು ಬಂದಾಗ ಮುಖ ನೋಡದೆ ಬೆರಳುಗಳನ್ನೇ ನೋಡಿದೆ. ನಡುಗಿದಂತೆಯೇ ಕಂಡಿತು. ಊರೆಲ್ಲ ಒಂದು ಹೆಂಗಸಿನ ಕೈಯನ್ನೇ ದಿಟ್ಟಿಸಿದರೆ ಕಲ್ಲಿನ ವಿಗ್ರಹದ ಕೈಯೂ ನಡುಗೀತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಅವಳು ಇನ್ನೆರಡು ಮದುವೆ ಪ್ರಯತ್ನಿಸಿದಳು. ಬೆಳಕು ಕಡಿಮೆಯಿದ್ದ ಕಡೆಯೆಲ್ಲ ಅದೇ ಬಾಲ, ಅದೇ ಎರಡು ಮೂಗು. ಮೂರನೆಯದು ದೊಡ್ಡೇರಿಯಲ್ಲಿ. ಅಲ್ಲಿ ಜಯರಾಮುವೇ ಉದ್ದ ಲೆನ್ಸು ಕೈಗೆತ್ತಿಕೊಂಡ. ಅವನ ಫೋಟೊಗಳಿಗೂ ಬಾಲ ಬಂತು. ಕೂಡಲೇ ಕಾರಣವೂ ಸಿಕ್ಕಿತು: ಆ ಹಾಲಿನಲ್ಲಿ ವೋಲ್ಟೇಜ್ ಸರಿಯಿಲ್ಲ. ಒಂದೇ ರೋಗ. ಹೆಂಡತಿಗೆ ಬಂದರೆ ನರದೌರ್ಬಲ್ಯ, ಗಂಡನಿಗೆ ಬಂದರೆ ವಿದ್ಯುತ್ ಸಮಸ್ಯೆ. ಗಂಗಾಲಕ್ಷ್ಮಿಯನ್ನು ಮತ್ತೆ ಪಾಸ್‌ಪೋರ್ಟ್ ಫೋಟೊಗೆ ಕೂರಿಸಲಾಯಿತು.

ಆ ದಿನಗಳ ಬಗ್ಗೆ ಅವಳು ಆಮೇಲೆ ಒಮ್ಮೆ ಮಾತ್ರ ನನ್ನೊಂದಿಗೆ ಮಾತಾಡಿದಳು. ಬೆಳಗ್ಗೆ ಎದ್ದ ಕೂಡಲೇ ಕೈ ಎತ್ತಿ ನೋಡಿಕೊಳ್ಳುತ್ತಿದ್ದಳಂತೆ, ಯಾರೋ ಬಿಟ್ಟುಹೋದ ಕೈಯನ್ನು ನೋಡುವ ಹಾಗೆ. ಸೂಜಿಗೆ ದಾರ ಪೋಣಿಸಿದರೆ ಮೊದಲ ಸಲಕ್ಕೇ ಹೋಗುತ್ತಿತ್ತು. ಲೋಟದ ತುಂಬ ಕಾಫಿ ತುಂಬಿ ನಡೆದರೆ ಒಂದು ಹನಿ ಚೆಲ್ಲುತ್ತಿರಲಿಲ್ಲ. ಆದರೂ ಫೋಟೊ ನಡುಗಿತ್ತಲ್ಲ. ಕಣ್ಣಿಗೆ ಕಾಣುವ ಸಾಕ್ಷಿ ಇದ್ದಾಗ ಕೈಯ ಮಾತು ಯಾರು ಕೇಳುತ್ತಾರೆ? ಕೊನೆಗೆ ಅವಳೂ ನಂಬಿಬಿಟ್ಟಳು. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗತೊಡಗಿದಳು.

ಕೊರಟಗೆರೆಯ ಮದುವೆಯಾಗಿ ಮೂರು ತಿಂಗಳಾಗಿರಬೇಕು, ಒಂದು ಮಧ್ಯಾಹ್ನ ಕರೆಂಟು ಹೋಯಿತು. ನನ್ನ ಯಂತ್ರ ನಿಂತಿತು, ಅವರ ಫ್ಯಾನು ನಿಂತಿತು, ಎದುರಿನ ವೆಲ್ಡಿಂಗ್ ಅಂಗಡಿಯೂ ನಿಂತಿತು. ನಮ್ಮ ಬೀದಿಯಲ್ಲಿ ಅಂಥ ನಿಶ್ಶಬ್ದ ಅಪರೂಪ. ಜಯರಾಮು ಒಳಗೆ ಮಲಗಿದ್ದ. ಗಂಗಾಲಕ್ಷ್ಮಿ ಉದ್ದ ಲೆನ್ಸಿನ ಧೂಳು ಒರೆಸುತ್ತ ಸುಮ್ಮನೆ ಅದನ್ನು ಕಣ್ಣಿಗೆ ಹಿಡಿದು ಎದುರಿನ ಬಳೆ ಅಂಗಡಿಯ ಬೋರ್ಡು ನೋಡಿದಳು. ಹೆಬ್ಬೆಟ್ಟಿನಿಂದ ಹಿಂದಿನ ಗುಂಡಿ ಒತ್ತಿದಳು. ಅಕ್ಷರಗಳು ಸ್ಪಷ್ಟವಾದವು, ಆದರೆ ತೇಲುತ್ತಲೇ ಇದ್ದವು. ಫೋಟೊ ಹೊಡೆಯುವ ಉದ್ದೇಶವಿಲ್ಲದ್ದರಿಂದ ತೋರುಬೆರಳನ್ನು ಮೇಲಿನ ಗುಂಡಿಯ ಮೇಲೆ ಹಗುರವಾಗಿ ಊರಿಕೊಂಡೇ ಇದ್ದಳು. ಆಗ ಲೆನ್ಸಿನ ಒಳಗಿನಿಂದ ದುಂಬಿ ಗೂಡಿನೊಳಗೆ ಮಿಸುಕಿದಂಥ ಸಣ್ಣ ಸದ್ದು ಬಂತು. ಬೋರ್ಡು ಮೊಳೆ ಹೊಡೆದ ಹಾಗೆ ನಿಂತಿತು.

ಬೆರಳು ತೆಗೆದಳು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು, ಅಕ್ಷರ ಮತ್ತೆ ತೇಲಿದವು. ಮತ್ತೆ ಊರಿದಳು. ನಿಂತಿತು. ಹೆಬ್ಬೆಟ್ಟು ಒಂದನ್ನೇ ಒತ್ತಿದಳು. ಸದ್ದಿಲ್ಲ. ಹೀಗೆ ಎಷ್ಟು ಸಲ ಮಾಡಿದಳೋ, ಆಮೇಲೆ ಹಲಗೆ ಬಡಿದು ನನ್ನನ್ನು ಕರೆದಳು.

ವಿಷಯ ಇಷ್ಟೇ. ದೊಡ್ಡ ಲೆನ್ಸಿನೊಳಗೆ ಕೈಯ ಅಲುಗಾಟವನ್ನು ತಾನೇ ಸರಿದೂಗಿಸುವ ಒಂದು ವ್ಯವಸ್ಥೆ ಇರುತ್ತದೆ. ಎಲ್ಲರ ಕೈಯೂ ಅಲುಗುತ್ತದೆ, ಗುರುಗಳದ್ದೂ. ಅದಕ್ಕೇ ಆ ವ್ಯವಸ್ಥೆ. ಆದರೆ ಇವರ ಕ್ಯಾಮೆರಾದಲ್ಲಿ ಅದು ಎಚ್ಚರಗೊಳ್ಳುವುದು ಮೇಲಿನ ಗುಂಡಿಯನ್ನು ಅರ್ಧ ಒತ್ತಿದಾಗ ಮಾತ್ರ, ಹಿಂದಿನ ಗುಂಡಿಗೆ ಅದು ಕ್ಯಾರೇ ಅನ್ನುವುದಿಲ್ಲ. ಹಳೆಯ ಪದ್ಧತಿಯಲ್ಲಿ ಫೋಕಸ್‌ಗೆಂದು ಅರ್ಧ ಒತ್ತುತ್ತಿದ್ದರಿಂದ ಅದೂ ಜೊತೆಯಲ್ಲೇ ಏಳುತ್ತಿತ್ತು, ಏಳುತ್ತಿದೆ ಎಂದು ಯಾರಿಗೂ ತಿಳಿಯದೆ. ಹೊಸ ಪದ್ಧತಿಯಲ್ಲಿ ಅರ್ಧ ಒತ್ತುವ ಕೆಲಸವೇ ತಪ್ಪಿತು. ಟಕ್ಕೆಂದು ಪೂರ್ತಿ ಒತ್ತಿದರೆ ಅದು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಫೋಟೊ ಮುಗಿದಿರುತ್ತದೆ. ಮೈದನಹಳ್ಳಿಯ ಕೆಂಡದಂಥ ಬಿಸಿಲಿನಲ್ಲಿ ಫೋಟೊ ಕಣ್ಣೆವೆ ಬಡಿಯುವುದಕ್ಕಿಂತ ಎಷ್ಟೋ ಬೇಗ ಬೀಳುವುದರಿಂದ ಅಲ್ಲಿ ಯಾರಿಗೂ ಅದರ ಹಂಗಿರಲಿಲ್ಲ, ಮಿಂಚಿ ಮಾಯವಾಗುವ ಫ್ಲ್ಯಾಷಿಗೂ ಇರಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಇತ್ತು.

ಅವಳು ಕರೆಂಟು ಹೋದಾಗ ಹಚ್ಚಲೆಂದು ಇಟ್ಟಿದ್ದ ಮೇಣದಬತ್ತಿಯನ್ನೇ ಹಚ್ಚಿ ಸ್ಟುಡಿಯೊದ ಕತ್ತಲ ಮೂಲೆಯಲ್ಲಿಟ್ಟು, ಹೆಬ್ಬೆಟ್ಟಿನಿಂದ ಫೋಕಸ್ ಹಿಡಿದು ತೋರುಬೆರಳಿನಿಂದ ಟಕ್ಕೆಂದು ಪೂರ್ತಿ ಒತ್ತಿ ಹತ್ತು ಫೋಟೊ, ಹೆಬ್ಬೆಟ್ಟಿನ ಜೊತೆ ತೋರುಬೆರಳನ್ನೂ ಒಂದು ಕ್ಷಣ ಅರ್ಧ ಊರಿ ಆಮೇಲೆ ಒತ್ತಿ ಹತ್ತು ಫೋಟೊ ತೆಗೆದಳು. ಮೊದಲ ಹತ್ತಕ್ಕೂ ಬಾಲ. ಎರಡನೇ ಹತ್ತರಲ್ಲಿ ಒಂಬತ್ತು ಬೆಣ್ಣೆಯಲ್ಲಿ ಕೊರೆದ ಹಾಗೆ. ಅವಳು ಕುಣಿಯಲಿಲ್ಲ. ಪುಟ್ಟ ಪರದೆಯನ್ನು ನನ್ನ ಕಡೆ ತಿರುಗಿಸಿ ಒಂದು ಮಾತು ಹೇಳಿದಳು.

"ಭೀಮರಾಜಣ್ಣ, ನನ್ ಕೈ ಎಲ್ಲೂ ಹೋಗಿರ್ಲಿಲ್ಲ ಕಣಣ್ಣ."

ನಾನು ಪರದೆಯನ್ನೇ ನೋಡಿದೆ, ಅವಳ ಕೈ ನೋಡಲಿಲ್ಲ. ಆ ಕೈಯನ್ನು ನಾನೂ ದಿಟ್ಟಿಸಿದ್ದವನಲ್ಲವೇ.

ನಿದ್ದೆಯಿಂದೆದ್ದ ಜಯರಾಮುವಿಗೆ ಇಪ್ಪತ್ತು ಫೋಟೊ ತೋರಿಸಿದ್ದಾಯಿತು. ಅವನು ಫೋಟೊಗಳನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಸೀಲಿಂಗ್ ನೋಡಿದ. ಇಂಥದ್ದೇನಾದರೂ ಇದ್ದಿದ್ದರೆ ಗುರುಗಳಿಗೆ ಗೊತ್ತಿರುತ್ತಿರಲಿಲ್ಲವೇ ಎಂದ. ಫೋನಿನಲ್ಲಿ ಗುರುಗಳನ್ನೇ ಕೇಳಿದ. ಅವರು ಗುಂಡಿಗೂ ಲೆನ್ಸಿಗೂ ಸಂಬಂಧವೇ ಇಲ್ಲ, ತಮ್ಮ ಕ್ಯಾಮೆರಾದಲ್ಲಿ ಎಂದೂ ಹೀಗಾಗಿಲ್ಲ, ಆ ತಾಯಿಗೆ ಪ್ರಾಣಾಯಾಮ ಮಾಡಲು ಹೇಳಿ ಎಂದು ಹೇಳಿ ಆಶೀರ್ವದಿಸಿದರು. ಜಯರಾಮು ಹೆಂಡತಿಗೆ ಪ್ರಾಣಾಯಾಮವನ್ನು ವರ್ಗಾಯಿಸಿದ.

ಮುಂದಿನ ಕಾರ್ಯಾಗಾರ ಅದೇ ವಾರ ವೈ.ಎನ್.ಹೊಸಕೋಟೆಯಲ್ಲಿ. ಪಾವಗಡ ತಾಲ್ಲೂಕಿನ ಸ್ಟುಡಿಯೊದವರಿಗೆಲ್ಲ ಬೆಳಕು ಹಂಚುವ ಕಾರ್ಯಕ್ರಮ. ಜಯರಾಮುವಿಗೆ ಸಹಾಯಕ ತರಬೇತುದಾರ ಎಂಬ ಪದವಿ ಸಿಕ್ಕಿತ್ತು. ಪ್ರಮಾಣಪತ್ರ ಅಚ್ಚು ಹಾಕಿದವನು ನಾನು, ಹಾಗಾಗಿ ಕಟ್ಟು ಹಿಡಿದುಕೊಂಡು ನಾನೂ ಹೊರಟೆ. ಗಂಗಾಲಕ್ಷ್ಮಿಯನ್ನು ಯಾರೂ ಕರೆದಿರಲಿಲ್ಲ. ಅವಳು ಉದ್ದ ಲೆನ್ಸಿನ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾನಿನಲ್ಲಿ ಮೊದಲೇ ಕೂತಿದ್ದಳು.

ಸಮುದಾಯ ಭವನದಲ್ಲಿ ಇಪ್ಪತ್ತೈದು ಜನ. ಅರ್ಧದಷ್ಟು ಜನ ಹಿಂದಿನ ಕಾರ್ಯಾಗಾರಕ್ಕೂ ಬಂದು ದೀಕ್ಷೆ ಪಡೆದವರು. ಗುರುಗಳು ಒಂದು ಗಂಟೆ ಹೆಬ್ಬೆಟ್ಟಿನ ಮಹಿಮೆ ಹೇಳಿ, ಯಾರಿಗಾದರೂ ಅನುಮಾನ ಇದೆಯೇ ಎಂದು ಕೇಳಿದರು. ಯಾರಿಗೂ ಇರಬಾರದು ಎಂಬ ದನಿಯಲ್ಲೇ ಕೇಳಿದರು. ಆದರೂ ಪಾವಗಡದ ಮೂಡಲಗಿರಿಯಪ್ಪ ಎಂಬ ಸ್ಟುಡಿಯೊ ಮಾಲೀಕ ಎದ್ದು ನಿಂತ. ದಪ್ಪ ಮೀಸೆಯ ಐವತ್ತರ ಮನುಷ್ಯ, ಹುಡುಗನ ಹಾಗೆ ತಲೆ ಕೆರೆದುಕೊಂಡ.

"ಸಾರ್, ಮೂರು ತಿಂಗ್ಳಿಂದ ನನ್ ಪೋಟೋ ಎಲ್ಲಾ ಅದುರ್ತಾವೆ ಸಾರ್. ಕಾಫಿ ಬುಟ್ಟೆ. ಬೀಡಿ ಬುಟ್ಟೆ. ಏಮೀ ಲಾಭಂ ಲೇದು."

ಏನೂ ಉಪಯೋಗವಾಗಲಿಲ್ಲ ಎಂಬುದನ್ನು ಅವನು ಆ ಗಡಿಸೀಮೆಯ ತೆಲುಗಿನಲ್ಲೇ ಹೇಳಿದ. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಮೆಲ್ಲಗೆ ಕೈ ಎತ್ತಿದ. ಅವನು ಲೆನ್ಸು ಕೆಟ್ಟಿದೆಯೆಂದು ರಿಪೇರಿಗೆ ಕಳಿಸಿದ್ದನಂತೆ, ಏನೂ ಆಗಿಲ್ಲ ಎಂದು ವಾಪಸು ಬಂತಂತೆ. ಇನ್ನೊಬ್ಬ ಸಹಾಯಕನಾಗಿದ್ದ ಸ್ವಂತ ತಮ್ಮನನ್ನು ಕೆಲಸದಿಂದ ಬಿಡಿಸಿದ್ದ. ಮತ್ತೊಬ್ಬ ಕನ್ನಡಕ ಬದಲಾಯಿಸಿದ್ದ. ಒಂದು ತಾಲ್ಲೂಕಿನ ಅರ್ಧದಷ್ಟು ಫೋಟೊಗ್ರಾಫರುಗಳು ಮೂರು ತಿಂಗಳಿಂದ ಒಬ್ಬರಿಗೊಬ್ಬರು ಮುಚ್ಚಿಟ್ಟು ನಡುಗುತ್ತಿದ್ದರು. ಗುರುಗಳು ಪ್ರಾಣಾಯಾಮದ ಮೂರು ವಿಧಗಳನ್ನು ವಿವರಿಸಲು ಶುರುಮಾಡಿದರು.

ಆಗ ಗಂಗಾಲಕ್ಷ್ಮಿ ಎದ್ದಳು. ಜಯರಾಮು ಕಣ್ಣಿನಲ್ಲೇ ಕೂರು ಎಂದ. ಅವಳು ಅವನ ಕಡೆ ನೋಡಲಿಲ್ಲ. ಭಾಷಣ ಮಾಡಲಿಲ್ಲ, ಮೂಡಲಗಿರಿಯಪ್ಪನ ಹತ್ತಿರ ಹೋಗಿ ನಿಂತಳು.

"ಅಣ್ಣ, ಹೆಬ್ಬೆಟ್ಟು ಒತ್ಕಂಡು ಆ ಗೋಡೆ ಕ್ಯಾಲೆಂಡರ್ ನೋಡು. ಅಲ್ಲಾಡ್ತೈತಾ? ಈಗ ತೋರ್‌ಬೆರಳು ಮೇಲಿನ ಗುಂಡಿ ಮೇಲೆ ಅರ್ಧ ಊರು. ಬುಡಬ್ಯಾಡ, ಅಂಗೇ ಇಟ್ಕ. ಈಗ ಹೆಂಗೈತೆ?"

ಮೂಡಲಗಿರಿಯಪ್ಪ ಬಹಳ ಹೊತ್ತು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ತೆಗೆದಾಗ ಕಣ್ಣು ಒದ್ದೆಯಾಗಿತ್ತು ಎಂದರೆ ನೀವು ನಂಬುವುದಿಲ್ಲ, ಆದರೆ ಮೂರು ತಿಂಗಳು ಕಾಫಿ ಬಿಟ್ಟವನ ಕಷ್ಟ ನಿಮಗೇನು ಗೊತ್ತು. ಉಳಿದವರು ಕೇಳಿಸಿಕೊಂಡವರೇ ತಮ್ಮ ತಮ್ಮ ಕ್ಯಾಮೆರಾ ಎತ್ತಿದರು. ಹತ್ತು ಹನ್ನೆರಡು ಲೆನ್ಸುಗಳ ಸಣ್ಣ ಗುಂಯ್‌ಗುಡುವಿಕೆ ಮಾತ್ರ ಕೇಳುತ್ತಿತ್ತು.

ಗುರುಗಳು ತಮ್ಮ ಕ್ಯಾಮೆರಾ ಎತ್ತಿ, ಹೆಬ್ಬೆಟ್ಟು ಮಾತ್ರ ಒತ್ತಿ, ತಮ್ಮದರಲ್ಲಿ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ ನೋಡಿ ಎಂದರು. ಗಂಗಾಲಕ್ಷ್ಮಿ ಅನುಮತಿ ಕೇಳಿ ಅದನ್ನು ತೆಗೆದುಕೊಂಡು ನೋಡಿದಳು. ನಿಜವೇ, ನಿಲ್ಲುತ್ತಿತ್ತು. ಅವರದು ಬೇರೆ ಕಂಪನಿಯದು, ಅದರಲ್ಲಿ ಹಿಂದಿನ ಗುಂಡಿಯೂ ಲೆನ್ಸನ್ನು ಎಬ್ಬಿಸುತ್ತದೆ, ನಮ್ಮವುಗಳಲ್ಲಿ ಎಬ್ಬಿಸುವುದಿಲ್ಲ ಎಂದು ಅವಳು ತಿಳಿಹೇಳಿದಳು. ಹಾಗಾಗಿ ನಿಮ್ಮದೂ ಸುಳ್ಳಲ್ಲ ಸಾರ್ ಎಂದು ಸೇರಿಸಿದಳು. ಆ ಮರ್ಯಾದೆ ಅವರಿಗೆ ಜೀರ್ಣವಾಗಲು ಒಂದೆರಡು ನಿಮಿಷ ಬೇಕಾಯಿತು. ಆಮೇಲೆ ಗಂಟಲು ಸರಿಪಡಿಸಿಕೊಂಡು, ಇದೇ ಅಂಶವನ್ನು ತಾವು ಮಧ್ಯಾಹ್ನದ ಅವಧಿಗೆಂದು ಉಳಿಸಿಕೊಂಡಿದ್ದಾಗಿ ಪ್ರಕಟಿಸಿದರು.

ವಾಪಸು ಬರುವಾಗ ವ್ಯಾನು ಪಾವಗಡ ದಾಟಿತು. ಸೋಲಾರ್ ಫಲಕಗಳ ಸಾಲು ಮುಗಿದ ಮೇಲೆ, ಜಯರಾಮು ಕಿಟಕಿಯಾಚೆ ನೋಡುತ್ತಲೇ ಕೇಳಿದ.

"ಅವತ್ತು ಡಾಕ್ಟ್ರು ನಿನ್ ಕೈ ಮೇಲೆ ಕಾಗ್ದ ಇಟ್ಟಾಗ ರೂಮಲ್ಲಿ ಫ್ಯಾನ್ ಓಡ್ತಿತ್ತಲ್ವಾ?"

"ಓಡ್ತಿತ್ತು," ಎಂದಳು ಗಂಗಾಲಕ್ಷ್ಮಿ.

ಅವನ ಕ್ಷಮಾಪಣೆ ಅಷ್ಟೇ. ಇಪ್ಪತ್ತು ವರ್ಷದಿಂದ ಅವನನ್ನು ಬಲ್ಲ ನನಗೆ ಅದು ದೊಡ್ಡದೆಂದೇ ಅನಿಸಿತು. ಮಾರನೆಯ ದಿನ ಟೀ ತರುವವನಿಗೆ 'ನಾವು ಕಂಡುಹಿಡಿದದ್ದು' ಎಂದು ಅವನು ವಿವರಿಸುತ್ತಿದ್ದಾಗ ಆ ಅನಿಸಿಕೆ ಹೋಯಿತು.

ಅದಾದ ಮೇಲೆ ಅವಳು ಒಬ್ಬಳೇ ಕೊರಟಗೆರೆಗೆ ಹೋಗಿ ದೊಡ್ಡಹನುಮಯ್ಯನವರನ್ನು ಕಂಡಳು. ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಕೈಯ ದೋಷವಲ್ಲ, ಬೆರಳು ಇಡುವ ಕ್ರಮದ ದೋಷ, ಆದರೆ ಹಾಳಾದ ಫೋಟೊ ಇನ್ನು ಸರಿಯಾಗುವುದಿಲ್ಲ ಎಂದು ಇದ್ದದ್ದನ್ನು ಹೇಳಿದಳು. ಹೆಡ್‌ಮಾಸ್ಟರರು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ನಮ್ದು ಒಂದ್ ಸಂಜೆ ಫೋಟೊ ಹೋಯ್ತು. ನಿಂದು ಮೂರು ತಿಂಗ್ಳು ಕೈಯೇ ಹೋಗಿತ್ತಲ್ಲಮ್ಮ." ದೊಡ್ಡಕ್ಕ ಅವಳನ್ನು ಊಟಕ್ಕೆ ಎಬ್ಬಿಸಿದಳು. ಮದುವೆಯನ್ನು ಮತ್ತೆ ಮಾಡಲಾಗುವುದಿಲ್ಲ, ಬುದ್ಧ ಪೂರ್ಣಿಮೆಯ ಸಂಜೆಗೆ ಬಾ ಎಂದಳು. ಗಂಗಾಲಕ್ಷ್ಮಿ ಹೋಗಿ ಮೇಣದಬತ್ತಿಯ ಬೆಳಕಿನಲ್ಲೇ ತಾಯಿ ಮಗಳನ್ನು ತೆಗೆದುಕೊಟ್ಟಳು. ಆ ಫೋಟೊ ಅವರ ನಡುಮನೆಯಲ್ಲಿದೆ.

ಈಗ ಪಾವಗಡ, ಹೊಸಕೋಟೆ ಕಡೆಯ ಸ್ಟುಡಿಯೊದವರು ಅನುಮಾನ ಬಂದರೆ ಫೋನು ಮಾಡುವುದು ಅವಳಿಗೇ. ಮದುವೆಗಳಿಗೆ ಮೊದಲಿನಂತೆ ಹೋಗುತ್ತಾಳೆ, ಮೂಡಲಗಿರಿಯಪ್ಪನ ಕರೆ ಬಂದರೆ ಅತ್ತಲೂ ಹೋಗುತ್ತಾಳೆ. ಅವತ್ತು ಪಾಸ್‌ಪೋರ್ಟ್ ಫೋಟೊಗಳನ್ನು ಜಯರಾಮು ನೋಡಿಕೊಳ್ಳುತ್ತಾನೆ, ಮಧ್ಯಾಹ್ನ ಮಲಗದೆ.

ಮೊನ್ನೆ ಚನ್ನಮಲ್ಲಯ್ಯನವರ ಹೊಸ ಕೈಪಿಡಿ ಅರವತ್ತು ಪ್ರತಿ ಜೆರಾಕ್ಸ್‌ಗೆಂದು ನನ್ನ ಅಂಗಡಿಗೆ ಬಂತು. ಏಳನೆಯ ಅಧ್ಯಾಯದ ಹೆಸರು 'ಲೆನ್ಸಿನ ಸ್ಥಿರತೆ: ನನ್ನ ಸಂಶೋಧನೆ'. ಗಂಗಾಲಕ್ಷ್ಮಿ ಪೇಪರ್ ಕೇಳಲು ಬಂದವಳು ನಿಂತುಕೊಂಡೇ ಆ ಅಧ್ಯಾಯ ಓದಿದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ನನ್ನ ಪೆನ್ನು ತೆಗೆದುಕೊಂಡು, ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿಗೆ ಹಾಕಿದಾಗ ಲೆನ್ಸಿನ ಈ ವ್ಯವಸ್ಥೆಯನ್ನು ಆರಿಸಿಬಿಡುವುದು ಒಳ್ಳೆಯದು, ಅವರು ಇದನ್ನು ಬಿಟ್ಟಿದ್ದಾರೆ ಎನ್ನುತ್ತ ಮೂಲ ಪ್ರತಿಯ ಅಂಚಿನಲ್ಲಿ ಎರಡು ಸಾಲು ಬರೆದು ಹೋದಳು.

ಅಳಿಸಬೇಕೋ ಬೇಡವೋ ಎಂದು ಸ್ವಲ್ಪ ಯೋಚಿಸಿದೆ. ಆಮೇಲೆ ಹಾಗೆಯೇ ಅರವತ್ತು ಪ್ರತಿ ತೆಗೆದು, ಕಟ್ಟು ಕಟ್ಟಿ, ಮಧುಗಿರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಇನ್ನೂ ಯಾರೂ ಫೋನು ಮಾಡಿಲ್ಲ.